ಎರಡು ನಗರಗಳ ನಡುವಿನ ದೂರ, ವಿಮಾನದ ಅವಧಿ: ನೀವೇ ಲೆಕ್ಕ ಹಾಕಿಕೊಳ್ಳುವ ಬಗೆ

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ ಎಂದು ಹುಡುಕಿ ನೋಡಿ. ಒಂದು ಕಡೆ 5,540 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 5,555, ಮತ್ತೊಂದು ಕಡೆ 5,570. ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಿದರೆ ಆರೂವರೆ ಗಂಟೆ, ಏಳು ಗಂಟೆ, ಎಂಟು ಗಂಟೆ ಎಂದು ಮೂರು ಉತ್ತರ ಸಿಗುತ್ತವೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರಶ್ನೆ ಒಂದೇ ಎನಿಸಿದರೂ ಅದರೊಳಗೆ ನಾಲ್ಕೈದು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಅವನ್ನು ಬಿಡಿಸಿಕೊಂಡರೆ ಯಾವ ಎರಡು ಊರುಗಳಿಗಾದರೂ ಒಂದು ಕ್ಯಾಲ್ಕುಲೇಟರ್ ಹಿಡಿದು ಕಾಲು ಗಂಟೆಯಲ್ಲಿ ನಂಬಬಹುದಾದ ಉತ್ತರ ತೆಗೆಯಬಹುದು. ದೂರ ಬರೀ ರೇಖಾಗಣಿತ, ಅದು ಸುಲಭ. ಹೊತ್ತಿನ ಲೆಕ್ಕದಲ್ಲಿ ಗಾಳಿ, ಗಡಿ, ರನ್‌ವೇ, ಗಡಿಯಾರ ಎಲ್ಲವೂ ಕೈ ಹಾಕುತ್ತವೆ.

ಹಂತ 1: ಎಲ್ಲಿಂದ ಎಲ್ಲಿಗೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ

ನಗರ ಎಂದರೆ ನಕಾಶೆಯ ಮೇಲಿನ ಚುಕ್ಕೆಯಲ್ಲ. ನಗರದಿಂದ ನಗರಕ್ಕೆ ದೂರ ಹೇಳುವ ಜಾಲತಾಣಗಳು ಊರಿನ ನಡುವಿನ ಯಾವುದೋ ಒಂದು ಬಿಂದುವನ್ನು ಹಿಡಿದು ಅಳೆಯುತ್ತವೆ. ವಿಮಾನ ಹೊರಡುವುದು ಮಾತ್ರ ನಿಲ್ದಾಣದಿಂದ. ಟೋಕಿಯೋದ ನರಿಟಾ ನಿಲ್ದಾಣ ಊರಿನ ಮಧ್ಯದಿಂದ ಸುಮಾರು 60 ಕಿ.ಮೀ. ಆಚೆಗಿದೆ, ಹನೇಡಾ ಊರಿಗೆ ಅಂಟಿಕೊಂಡೇ ಇದೆ. ಲಂಡನ್ ಹೆಸರಿನಲ್ಲಿ ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ ಎಂದು ನಿಲ್ದಾಣಗಳ ಸಾಲೇ ಇದೆ. ಮೇಲೆ ಹೇಳಿದ 5,570 ಬಂದದ್ದು ಇಲ್ಲಿಂದಲೇ. ಅದು ಊರಿನ ಮಧ್ಯದಿಂದ ಊರಿನ ಮಧ್ಯಕ್ಕೆ ಅಳೆದ ದೂರ.

ಆದ್ದರಿಂದ ಮೊದಲ ಕೆಲಸ, ಎರಡೂ ಕಡೆಯ ನಿಲ್ದಾಣಗಳ ಮೂರಕ್ಷರದ ಸಂಕೇತ ಬರೆದಿಟ್ಟುಕೊಳ್ಳುವುದು. ಹೀಥ್ರೂಗೆ ಎಲ್‌ಎಚ್‌ಆರ್, ನ್ಯೂಯಾರ್ಕ್‌ನ ಕೆನಡಿ ನಿಲ್ದಾಣಕ್ಕೆ ಜೆಎಫ್‌ಕೆ. ಟಿಕೆಟ್ ಹುಡುಕುವಾಗ ಎಲ್‌ಒಎನ್, ಎನ್‌ವೈಸಿ ಎಂಬ ಸಂಕೇತಗಳೂ ಕಾಣುತ್ತವೆ. ಅವು ಇಡೀ ನಗರದವು, ಅಲ್ಲಿನ ಎಲ್ಲ ನಿಲ್ದಾಣಗಳನ್ನೂ ಒಟ್ಟಿಗೆ ತೋರಿಸುತ್ತವೆ. ಅವನ್ನಿಟ್ಟುಕೊಂಡು ದೂರ ಅಳೆಯಲು ಹೋಗಬೇಡಿ.

ಸಂಕೇತ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ, ಒಂದೇ ಹೆಸರಿನ ಊರುಗಳು. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದ ರಾಜಧಾನಿಯೂ ಅದೇ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲಿದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಸಿಡ್ನಿ ಎಂಬ ಊರು ಕೆನಡಾದ ನೋವಾಸ್ಕೋಷಿಯಾದಲ್ಲೂ ಉಂಟು. ಯಂತ್ರಕ್ಕೆ ಹೆಸರು ಕೊಟ್ಟರೆ ತನಗೆ ತೋಚಿದ ಊರನ್ನು ಹಿಡಿಯುತ್ತದೆ.

ಹಳೆಯ ಪಟ್ಟಿಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. ಇಸ್ತಾಂಬುಲ್‌ನ ಪ್ರಯಾಣಿಕರ ವಿಮಾನಗಳು 2019ರ ಏಪ್ರಿಲ್‌ನಲ್ಲಿ ಅತಾತುರ್ಕ್ ನಿಲ್ದಾಣದಿಂದ ಹೊಸ ನಿಲ್ದಾಣಕ್ಕೆ ಹೋದಾಗ ಐಎಸ್‌ಟಿ ಎಂಬ ಸಂಕೇತವೂ ಜೊತೆಗೇ ಹೋಯಿತು. ಸಂಕೇತ ಅದೇ, ಜಾಗ ಬೇರೆ.

ಹಂತ 2: ನೇರ ದೂರ ಅಳೆಯಿರಿ

ಗೋಡೆಯ ಮೇಲಿನ ಚಪ್ಪಟೆ ನಕಾಶೆಯಲ್ಲಿ ಅಳತೆಪಟ್ಟಿ ಇಟ್ಟು ಅಳೆದರೆ ಉತ್ತರ ಕೆಡುತ್ತದೆ. ಸಾಮಾನ್ಯವಾಗಿ ಕಾಣಸಿಗುವ ಮರ್ಕೇಟರ್ ನಕಾಶೆ ಧ್ರುವಗಳ ಕಡೆಗೆ ಹೋದಷ್ಟೂ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಅಂಥ ನಕಾಶೆಯಲ್ಲಿ ಲಂಡನ್‌ನಿಂದ ಲಾಸ್ ಏಂಜಲಿಸ್‌ಗೆ ಗೆರೆ ಎಳೆದರೆ ಅದು ಅಟ್ಲಾಂಟಿಕ್ ಸಾಗರದ ನಡುವೆ ಸಾಗಿ ಅಮೆರಿಕದ ಮೇಲೆ ಹಾಯುತ್ತದೆ. ನಿಜವಾದ ಹತ್ತಿರದ ದಾರಿ ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗವನ್ನು ಹಾದು ಹೋಗುತ್ತದೆ. ಕಿಟಕಿ ಪಕ್ಕ ಕೂತವರು ಹಿಮ ಕಂಡು ದಾರಿ ತಪ್ಪಿತೇನೋ ಎಂದುಕೊಳ್ಳುವುದು ಇದೇ ಕಾರಣಕ್ಕೆ.

ಮೇಜಿನ ಮೇಲೆ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಎರಡು ಊರುಗಳ ಮೇಲೆ ಬೆರಳಿಟ್ಟು ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ತಾನಾಗಿಯೇ ಸರಿದು ಎಲ್ಲಿ ನಿಲ್ಲುತ್ತದೋ ಅದೇ ಹತ್ತಿರದ ದಾರಿ. ಭೂಗೋಳಶಾಸ್ತ್ರದವರು ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. 30 ಸೆಂ.ಮೀ. ಅಡ್ಡಗಲದ ಗ್ಲೋಬ್ ಆದರೆ ದಾರದ ಒಂದು ಸೆಂ.ಮೀ. ಸುಮಾರು 425 ಕಿ.ಮೀ.ಗೆ ಸಮ, ಏಕೆಂದರೆ ಭೂಮಿಯ ಅಡ್ಡಗಲ 12,742 ಕಿ.ಮೀ. ಲಂಡನ್–ನ್ಯೂಯಾರ್ಕ್ ನಡುವೆ ದಾರ 13 ಸೆಂ.ಮೀ. ಬರುತ್ತದೆ. 13 × 425 ಎಂದರೆ 5,525. ಮಕ್ಕಳಾಟದಂತೆ ಕಾಣುವ ಈ ವಿಧಾನ ಇಷ್ಟು ಹತ್ತಿರದ ಉತ್ತರ ಕೊಡುತ್ತದೆ.

ಗ್ಲೋಬ್ ಇಲ್ಲದವರಿಗೆ ಗೂಗಲ್ ಅರ್ತ್‌ನಲ್ಲಿ ಅಳತೆಪಟ್ಟಿಯ ಗುರುತಿದೆ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ನಿಲ್ದಾಣದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೂ ದೂರ ಅಳೆಯುವ ಆಯ್ಕೆ ಬರುತ್ತದೆ. ಅಲ್ಲೇ ಕಾಣುವ ರಸ್ತೆ ದೂರವನ್ನು ಇದರೊಂದಿಗೆ ಬೆರೆಸಬೇಡಿ. ನಡುವೆ ನೀರೋ ಬೆಟ್ಟವೋ ಇದ್ದರೆ ಎರಡಕ್ಕೂ ಅಜಗಜಾಂತರ. ಬ್ಯೂನಸ್ ಐರಿಸ್‌ನಿಂದ ಮಾಂಟೆವಿಡಿಯೋಗೆ ನೇರ ದೂರ 200 ಕಿ.ಮೀ. ಆಸುಪಾಸು. ಆದರೆ ನಡುವೆ ಲಾ ಪ್ಲಾಟಾ ನದಿಯ ಅಗಲವಾದ ಅಳಿವೆ ಇರುವುದರಿಂದ ಸುತ್ತಿ ಹೋಗುವ ರಸ್ತೆ 500 ಕಿ.ಮೀ. ದಾಟುತ್ತದೆ.

ಕೈಯಾರೆ ಲೆಕ್ಕ ಮಾಡಿ ನೋಡುವ ಆಸೆಯಿದ್ದರೆ ಸೂತ್ರ ಒಂದೇ ಸಾಲಿನದು:

ಕೊಸೈನ್(ಕೋನ) = ಸೈನ್(ಅಕ್ಷಾಂಶ 1) × ಸೈನ್(ಅಕ್ಷಾಂಶ 2) + ಕೊಸೈನ್(ಅಕ್ಷಾಂಶ 1) × ಕೊಸೈನ್(ಅಕ್ಷಾಂಶ 2) × ಕೊಸೈನ್(ರೇಖಾಂಶಗಳ ವ್ಯತ್ಯಾಸ)

ಕೋನ ಎಂದರೆ ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಎರಡು ಊರುಗಳ ನಡುವೆ ಎಷ್ಟು ಡಿಗ್ರಿ ತೆರೆದುಕೊಂಡಿದೆ ಎಂಬುದು. ಒಂದು ಡಿಗ್ರಿಗೆ 111.2 ಕಿ.ಮೀ. ಹೀಥ್ರೂ ಇರುವುದು ಉತ್ತರ 51.47, ಪಶ್ಚಿಮ 0.45ರಲ್ಲಿ. ಕೆನಡಿ ನಿಲ್ದಾಣ ಉತ್ತರ 40.64, ಪಶ್ಚಿಮ 73.78ರಲ್ಲಿ. ರೇಖಾಂಶಗಳ ವ್ಯತ್ಯಾಸ 73.33. ಈಗ ಅಂಕಿಗಳನ್ನು ತುಂಬಿ:

ಸೈನ್‌ಗಳ ಗುಣಲಬ್ಧ: 0.7823 × 0.6513 = 0.5095
ಕೊಸೈನ್‌ಗಳ ಗುಣಲಬ್ಧ: 0.6229 × 0.7588 × 0.2869 = 0.1356
ಎರಡೂ ಕೂಡಿದರೆ: 0.6451

ಕ್ಯಾಲ್ಕುಲೇಟರಿನಲ್ಲಿ ಇದರ ವಿಲೋಮ ಕೊಸೈನ್ ತೆಗೆದರೆ 49.83 ಡಿಗ್ರಿ. ಅದನ್ನು 111.2ರಿಂದ ಗುಣಿಸಿದರೆ ಸುಮಾರು 5,540 ಕಿ.ಮೀ.

ಎರಡು ಎಚ್ಚರಿಕೆ. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಮುಂದೆ ಋಣ ಚಿಹ್ನೆ ಹಾಕಬೇಕು. ಒಂದು ಊರು ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ ಇದ್ದಾಗ ಇದನ್ನು ಮರೆತರೆ ಉತ್ತರ ಸಾವಿರಾರು ಕಿ.ಮೀ. ಅತ್ತಿತ್ತ ಆಗುತ್ತದೆ. ಎರಡನೆಯದಾಗಿ, ಸ್ಪ್ರೆಡ್‌ಶೀಟ್‌ಗಳು ಕೋನವನ್ನು ಡಿಗ್ರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿ ಕೇಳುತ್ತವೆ. ಬಂದ ಉತ್ತರ 20,000 ಕಿ.ಮೀ.ಗಿಂತ ತುಸು ಹೆಚ್ಚಾದರೂ ಅನುಮಾನಿಸಿ. ಭೂಮಿಯ ಮೇಲೆ ಯಾವ ಎರಡು ಜಾಗಗಳೂ ಸುಮಾರು 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ, ಅದು ಭೂಮಿಯ ಸುತ್ತಳತೆಯ ಅರ್ಧ.

ಹಾಗಾದರೆ 5,555 ಎಲ್ಲಿಂದ ಬಂತು? ನಾವು ಹಿಡಿದ ಸೂತ್ರದಲ್ಲಿ ಭೂಮಿ ಉರುಟು ಚೆಂಡು, ತ್ರಿಜ್ಯ 6,371 ಕಿ.ಮೀ. ನಿಜವಾದ ಭೂಮಿ ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357. ಜಿಪಿಎಸ್ ಬಳಸುವ ಮಾದರಿ ಈ ಉಬ್ಬನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಅರ್ಧದಷ್ಟು. ಹೊತ್ತಿನ ಲೆಕ್ಕದಲ್ಲಿ ಅದು ಒಂದೆರಡು ನಿಮಿಷ, ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಹಂತ 3: ಮೈಲಿ ಯಾವುದು ನೋಡಿಕೊಳ್ಳಿ

ವಿಮಾನದವರ ಮೈಲಿ ನಾಟಿಕಲ್ ಮೈಲಿ, 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಮೇಲಿನ ದೂರವೇ ರಸ್ತೆ ಮೈಲಿಯಲ್ಲಿ ಸುಮಾರು 3,440, ನಾಟಿಕಲ್ ಮೈಲಿಯಲ್ಲಿ 2,990. ನಾಟಿಕಲ್ ಮೈಲಿಗೆ ಒಂದು ಅನುಕೂಲವಿದೆ: ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಭಾಗವೇ ಅದು. 49.83ನ್ನು 60ರಿಂದ ಗುಣಿಸಿದರೆ ಉತ್ತರ ಕೈಗೆ ಬಂತು, ಭೂಮಿಯ ತ್ರಿಜ್ಯದ ಗೊಡವೆಯೇ ಇಲ್ಲ. ಬರೀ ಮೈಲಿ ಎಂದಷ್ಟೇ ಬರೆದ ಕಡೆ ಯಾವ ಮೈಲಿ ಎಂದು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಎರಡಕ್ಕೂ ನೂರಕ್ಕೆ 15ರಷ್ಟು ಅಂತರವಿದೆ.

ಹಂತ 4: ನೇರ ದಾರಿಯಿಂದ ನಿಜದ ದಾರಿಗೆ

ವಿಮಾನ ದಾರದ ಗೆರೆಯಲ್ಲೇ ಹಾರುವುದಿಲ್ಲ. ಹೊರಡುವಾಗ ಗಾಳಿಗೆ ಎದುರಾಗಿ ಏರಬೇಕು, ಅಂದರೆ ಕೆಲವೊಮ್ಮೆ ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ. ಇಳಿಯುವಾಗ ಸರದಿಯಲ್ಲಿ ಬರಬೇಕು. ಹೀಥ್ರೂ ಸುತ್ತ ಬೋವಿಂಗ್ಡನ್, ಲ್ಯಾಂಬೋರ್ನ್, ಓಕಮ್, ಬಿಗಿನ್ ಎಂಬ ನಾಲ್ಕು ಜಾಗಗಳಲ್ಲಿ ವಿಮಾನಗಳು ಒಂದರ ಮೇಲೊಂದು ಸುತ್ತು ಹಾಕುತ್ತಾ ಕಾಯುತ್ತವೆ. ಈ ಓಡಾಟಕ್ಕೆಲ್ಲ ಎಷ್ಟು ಸೇರಿಸಬೇಕು? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪ್ರಯಾಣಿಕರ ಇಂಗಾಲದ ಲೆಕ್ಕಕ್ಕೆ ಬಳಸುವ ಅಳತೆಯೊಂದಿದೆ, ಅದನ್ನೇ ಇಟ್ಟುಕೊಳ್ಳಬಹುದು. ನೇರ ದೂರ 550 ಕಿ.ಮೀ.ಗಿಂತ ಕಡಿಮೆಯಿದ್ದರೆ 50 ಕಿ.ಮೀ. ಸೇರಿಸಿ. 550ರಿಂದ 5,500ರ ತನಕ 100 ಸೇರಿಸಿ. ಅದಕ್ಕೂ ಮೇಲಾದರೆ 125. ನಮ್ಮ ಉದಾಹರಣೆಯ 5,540 ಈಗ 5,665 ಆಯಿತು.

ಇಷ್ಟು ಸಾಕು, ನಡುವೆ ಮುಚ್ಚಿದ ಆಕಾಶ ಇಲ್ಲದಿದ್ದರೆ. ಇದ್ದರೆ ಲೆಕ್ಕವೇ ಬೇರೆ. ಹೆಲ್ಸಿಂಕಿಯಿಂದ ಟೋಕಿಯೋಗೆ ನೇರ ದೂರ ಸುಮಾರು 7,800 ಕಿ.ಮೀ., ಸೈಬೀರಿಯಾದ ಮೇಲೆ ಹಾರುತ್ತಿದ್ದಾಗ ಒಂಬತ್ತೂವರೆ ಗಂಟೆಯ ಆಸುಪಾಸು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಯುರೋಪಿನ ಕಂಪನಿಗಳ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದಿಂದಲೋ ಸುತ್ತಿ ಹೋಗಬೇಕಾಗಿ ಅದೇ ಪ್ರಯಾಣ 13 ಗಂಟೆಯ ಹತ್ತಿರಕ್ಕೆ ಬಂತು. ಎರಡು ಊರುಗಳ ನಡುವಿನ ದೂರ ಒಂದು ಗೇಣೂ ಬದಲಾಗಿಲ್ಲ! ಭಾರತ, ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ಒಬ್ಬರ ವಿಮಾನಗಳಿಗೆ ಇನ್ನೊಬ್ಬರು ಆಕಾಶ ಮುಚ್ಚಿದಾಗಲೂ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳಿಗೆ ಇದೇ ಗತಿಯಾಯಿತು. ಗಮನಿಸಿ, ಇಂಥ ನಿರ್ಬಂಧ ಕಂಪನಿಯ ದೇಶ ನೋಡಿ ಬರುತ್ತದೆ. ಒಂದೇ ಊರಿಂದ ಒಂದೇ ಊರಿಗೆ ಹೋಗುವ ಎರಡು ಕಂಪನಿಗಳ ಅವಧಿಯಲ್ಲಿ ಒಂದೆರಡು ಗಂಟೆ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ಅನುಮಾನಿಸಬೇಕು.

ಟಿಬೆಟ್ ಪ್ರಸ್ಥಭೂಮಿಯ ಮೇಲೂ ವಿಮಾನಗಳು ಕಡಿಮೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ 10,000 ಅಡಿಯ ಮಟ್ಟಕ್ಕೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಎರಡು ಎಂಜಿನ್‌ನ ವಿಮಾನಗಳಿಗೆ ಮತ್ತೊಂದು ಕಟ್ಟುಪಾಡು: ಒಂದು ಎಂಜಿನ್ ಕೆಟ್ಟರೂ ಗೊತ್ತುಪಡಿಸಿದ ಅವಧಿಯೊಳಗೆ ಯಾವುದಾದರೂ ನಿಲ್ದಾಣ ಸೇರುವಂತಿರಬೇಕು. ದಕ್ಷಿಣ ಗೋಳಾರ್ಧದ ಸಾಗರಗಳ ಮೇಲೆ ದಾರಿ ಬಾಗುವುದಕ್ಕೆ ಇದೂ ಒಂದು ಕಾರಣ.

ಹಂತ 5: ವೇಗ ಹಾಕಿ, ಹೊತ್ತು ತೆಗೆಯಿರಿ

ಪ್ರಯಾಣಿಕರ ಜೆಟ್ ವಿಮಾನದ ವೇಗವನ್ನು ಶಬ್ದದ ವೇಗಕ್ಕೆ ಹೋಲಿಸಿ ಹೇಳುವುದು ವಾಡಿಕೆ. 11 ಕಿ.ಮೀ. ಎತ್ತರದಲ್ಲಿ ಹೊರಗಿನ ಉಷ್ಣತೆ ಸುಮಾರು ಮೈನಸ್ 56 ಡಿಗ್ರಿ. ಅಲ್ಲಿ ಶಬ್ದದ ವೇಗ ಗಂಟೆಗೆ 1,062 ಕಿ.ಮೀ. ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳು ಅದರ 0.78 ಪಾಲು ವೇಗದಲ್ಲಿ ಹೋಗುತ್ತವೆ, ಅಂದರೆ ಗಂಟೆಗೆ 830 ಕಿ.ಮೀ. ಬೋಯಿಂಗ್ 787, ಏರ್‌ಬಸ್ 350 ಥರದ ದೊಡ್ಡವು 0.85ರಲ್ಲಿ, ಅಂದರೆ 900 ಕಿ.ಮೀ. ಪಂಖ ತಿರುಗುವ ಎಟಿಆರ್ 72 ಗಂಟೆಗೆ 500ರ ಆಸುಪಾಸು.

ದೂರವನ್ನು ಈ ವೇಗದಿಂದ ಭಾಗಿಸಿದರೆ ಸಾಲದು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇರುತ್ತದೆ. ಇಳಿಯುವುದಂತೂ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 36,000 ಅಡಿಯಿಂದ ಇಳಿಯಲು 108 ನಾಟಿಕಲ್ ಮೈಲಿ, ಅಂದರೆ 200 ಕಿ.ಮೀ. ಮುಂಚೆಯೇ ಇಳಿತ ಆರಂಭಿಸಬೇಕು. ಲಂಡನ್–ಪ್ಯಾರಿಸ್ ನೇರ ದೂರ ಹೀಥ್ರೂವಿನಿಂದ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಸುಮಾರು 350 ಕಿ.ಮೀ. ಮಾತ್ರ. ಅಲ್ಲಿ ವಿಮಾನ ಏರಿ ಮುಗಿಸುವ ಹೊತ್ತಿಗೆ ಇಳಿಯುವ ಹೊತ್ತಾಗಿರುತ್ತದೆ. 25 ನಿಮಿಷದ ದೂರಕ್ಕೆ ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಬರೆದಿರುವುದು ಇದಕ್ಕೆ. ಚಿಕ್ಕ ದೂರಕ್ಕೆ ಎಟಿಆರ್ ಸಿಕ್ಕಿತೆಂದು ಬೇಸರಪಡಬೇಕಿಲ್ಲ. 350 ಕಿ.ಮೀ.ಗೆ ಅದು ಜೆಟ್‌ಗಿಂತ ಹೆಚ್ಚು ತಗೊಳ್ಳುವುದು ಕಾಲು ಗಂಟೆ, ಇಪ್ಪತ್ತು ನಿಮಿಷ ಅಷ್ಟೇ.

ಇಷ್ಟೆಲ್ಲ ಬೇಡ, ಒಂದೇ ಸಾಲಿನಲ್ಲಿ ಹೇಳಿ ಎನ್ನುವವರಿಗೆ ಇದು ಸಾಕು: ನೇರ ದೂರವನ್ನು 850ರಿಂದ ಭಾಗಿಸಿ, ಬಂದ ಗಂಟೆಗೆ 45 ನಿಮಿಷ ಸೇರಿಸಿ. ಸಿಡ್ನಿ–ಮೆಲ್ಬರ್ನ್ 706 ಕಿ.ಮೀ., ಲೆಕ್ಕದಲ್ಲಿ ಬರುವುದು ಒಂದು ಗಂಟೆ 35 ನಿಮಿಷ. ಟಿಕೆಟ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಸಿಂಗಪುರ–ನ್ಯೂಯಾರ್ಕ್ ಸುಮಾರು 15,350 ಕಿ.ಮೀ., ಜಗತ್ತಿನ ಅತಿ ಉದ್ದದ ನಿಲುಗಡೆಯಿಲ್ಲದ ಹಾರಾಟಗಳಲ್ಲಿ ಒಂದು. ಲೆಕ್ಕದಲ್ಲಿ ಬರುವುದು 18 ಗಂಟೆ 50 ನಿಮಿಷ, ಅದೂ ಟಿಕೆಟ್‌ಗೆ ಹತ್ತಿರವೇ. ಈ ಸೂತ್ರ ಗೇಟಿನಿಂದ ಗೇಟಿನವರೆಗಿನ ಹೊತ್ತು ಕೊಡುತ್ತದೆ, ಎಟಿಆರ್‌ನಂಥ ವಿಮಾನಕ್ಕೆ ಹೊಂದುವುದಿಲ್ಲ. ಪೂರ್ವ–ಪಶ್ಚಿಮ ದೂರದ ಹಾರಾಟಗಳಲ್ಲಿ ಹೋಗುವ, ಬರುವ ಎರಡರ ಸರಾಸರಿ ಎಂದು ತಿಳಿಯಿರಿ. ಸರಾಸರಿ ಯಾಕೆ ಎಂದರೆ ಗಾಳಿ.

ಹಂತ 6: ಗಾಳಿಯ ಪಾಲು

ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿಪಟ್ಟಿ ಇದೆ. ಇದೇ ಜೆಟ್ ಸ್ಟ್ರೀಮ್. ವೇಗ ಗಂಟೆಗೆ 200 ಕಿ.ಮೀ. ಮೀರುವುದು ಅಪರೂಪವಲ್ಲ, ಚಳಿಗಾಲದಲ್ಲಿ ಇನ್ನೂ ಜೋರು. 1920ರ ದಶಕದಲ್ಲಿ ಜಪಾನಿನ ಹವಾಮಾನ ತಜ್ಞ ವಸಾಬುರೊ ಒಯಿಶಿ ಬಲೂನು ಹಾರಿಸಿ ಹಾರಿಸಿ ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲೆಂದು ಕಟ್ಟಿದ ಕೃತಕ ಭಾಷೆಯಲ್ಲಿ ಬರೆದರು, ಹಾಗಾಗಿ ಹೊರಗೆ ಓದಿದವರೇ ಕಡಿಮೆ.

ಹರಿಯುವ ಹೊಳೆಯಲ್ಲಿ ದೋಣಿ ಹುಟ್ಟು ಹಾಕಿದಂತೆಯೇ ಈ ಲೆಕ್ಕ: ದೋಣಿಗೆ ತನ್ನ ವೇಗ ಗೊತ್ತು, ದಡದಲ್ಲಿ ನಿಂತವನಿಗೆ ಕಾಣುವುದು ನೀರಿನ ವೇಗವೂ ಸೇರಿದ್ದು. ಗಂಟೆಗೆ 900 ಕಿ.ಮೀ. ಹೋಗುವ ವಿಮಾನಕ್ಕೆ ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಸಿಕ್ಕಿತು ಎನ್ನೋಣ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎದುರುಗಾಳಿ, ನೆಲದ ಮೇಲಿನ ವೇಗ 800. 5,665ನ್ನು 800ರಿಂದ ಭಾಗಿಸಿದರೆ 7 ಗಂಟೆ 5 ನಿಮಿಷ. ಬರುವಾಗ ಹಿಂಗಾಳಿ, ವೇಗ 1,000, ಹೊತ್ತು 5 ಗಂಟೆ 40 ನಿಮಿಷ. ಏರುವ, ಇಳಿಯುವ ನಿಧಾನಕ್ಕೂ ನೆಲದ ಮೇಲಿನ ಓಡಾಟಕ್ಕೂ ಸೇರಿ 50 ನಿಮಿಷ ಹಾಕಿದರೆ ಹೋಗಲು 7 ಗಂಟೆ 55 ನಿಮಿಷ, ಬರಲು 6 ಗಂಟೆ 30 ನಿಮಿಷ. ಟಿಕೆಟ್‌ಗಳಲ್ಲಿ ಎಂಟು ಗಂಟೆ ಮತ್ತು ಏಳು ಗಂಟೆಯ ಸುತ್ತಮುತ್ತ ಇರುತ್ತದೆ. ಬರುವ ಕಡೆ ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತೆಂದು ಮುಂದಿನ ಹಂತದಲ್ಲಿ ನೋಡೋಣ.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿ ಸಮವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಆಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಎರಡು ಸಲ 5,665 ಕಿ.ಮೀ. ಹಾರಲು 12 ಗಂಟೆ 35 ನಿಮಿಷ ಸಾಕು. ಗಾಳಿಯಿದ್ದಾಗ 7:05 ಮತ್ತು 5:40 ಕೂಡಿದರೆ 12 ಗಂಟೆ 45 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಆದ್ದರಿಂದ ನಷ್ಟವೇ ಯಾವಾಗಲೂ ಒಂದು ಕೈ ಮೇಲು.

ಅಟ್ಲಾಂಟಿಕ್ ಮೇಲೆ ಈ ಗಾಳಿ ನೋಡಿಕೊಂಡು ದಾರಿಗಳನ್ನು ದಿನಾ ಹೊಸದಾಗಿ ಗುರುತಿಸುತ್ತಾರೆ. ಪಶ್ಚಿಮಕ್ಕೆ ಹೋಗುವ ಹಗಲಿನ ದಾರಿಗಳನ್ನು ಬ್ರಿಟನ್–ಐರ್ಲೆಂಡಿನ ಶಾನ್ವಿಕ್ ವಿಮಾನ ಸಂಚಾರ ನಿಯಂತ್ರಣ ಕೇಂದ್ರ ಹಾಕುತ್ತದೆ, ಪೂರ್ವಕ್ಕೆ ಬರುವ ರಾತ್ರಿಯ ದಾರಿಗಳನ್ನು ಕೆನಡಾದ ಗ್ಯಾಂಡರ್. ಹಾಗಾಗಿ ನಿನ್ನೆ ಹೋದ ವಿಮಾನವೂ ಇಂದಿನದೂ ನೂರಾರು ಕಿ.ಮೀ. ಬೇರೆ ದಾರಿಯಲ್ಲಿ ಹೋಗಿರಬಹುದು. 2020ರ ಫೆಬ್ರವರಿಯಲ್ಲಿ ಕಿಯಾರಾ ಚಂಡಮಾರುತದ ಹಿಂಗಾಳಿ ಹಿಡಿದು ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಮೇಲಿನ ವೇಗ ಗಂಟೆಗೆ 1,320 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಎಂದು ಆಗ ಕೆಲವರು ಬರೆದರು. ಇಲ್ಲ, ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಇತ್ತು, ಗಾಳಿಯೇ ಅದನ್ನು ಹೊತ್ತು ತಂದಿತ್ತು. ನಿಜಕ್ಕೂ ಶಬ್ದದ ವೇಗ ಮೀರುತ್ತಿದ್ದದ್ದು ಕಾಂಕಾರ್ಡ್ ಎಂಬ ಪ್ರಯಾಣಿಕರ ವಿಮಾನ. 1996ರ ಫೆಬ್ರವರಿ 7ರಂದು ಅದು ಇದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡುಗಳಲ್ಲಿ ಮುಗಿಸಿತು.

ಉತ್ತರ–ದಕ್ಷಿಣ ಹೋಗುವ ದಾರಿಗಳಿಗೆ ಈ ಗೋಜು ಕಡಿಮೆ. ಸಮಭಾಜಕದ ಸುತ್ತಮುತ್ತಲೂ ಅಷ್ಟೇ.

ಹಂತ 7: ಟಿಕೆಟ್‌ನ ಹೊತ್ತು ಏನು ಹೇಳುತ್ತದೆ?

ಟಿಕೆಟ್‌ನಲ್ಲಿ ಬರೆದದ್ದು ಗಾಳಿಯಲ್ಲಿರುವ ಹೊತ್ತಲ್ಲ. ಗೇಟಿನಿಂದ ಚಕ್ರ ಕದಲಿದ ಗಳಿಗೆಯಿಂದ ಆ ಕಡೆಯ ಗೇಟಿನಲ್ಲಿ ಚಕ್ರ ನಿಲ್ಲುವ ತನಕದ ಹೊತ್ತು. ಕಂಪನಿಗಳವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ತನಕ ಹೋಗಿ ಸರದಿ ಕಾಯಲು 20–30 ನಿಮಿಷ ಹಿಡಿಯುವುದು ಮಾಮೂಲು. ಪೈಲಟ್ ಮೈಕಿನಲ್ಲಿ ಇಂದು ಆರು ಗಂಟೆ ಹತ್ತು ನಿಮಿಷದ ಹಾರಾಟ ಎಂದರೆ ಅದು ಗಾಳಿಯಲ್ಲಿನ ಹೊತ್ತು. ಟಿಕೆಟ್‌ಗಿಂತ ಮುಕ್ಕಾಲು ಗಂಟೆ ಕಡಿಮೆ ಕೇಳಿಸಿತೆಂದು ಖುಷಿಪಡಬೇಡಿ.

ಇದರ ಮೇಲೆ ಕಂಪನಿಗಳು ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡೇ ವೇಳಾಪಟ್ಟಿ ಮಾಡುತ್ತವೆ. ಹೇಳಿದ ಹೊತ್ತಿಗಿಂತ 15 ನಿಮಿಷದೊಳಗೆ ಬಂದರೆ ಸಕಾಲಕ್ಕೆ ಬಂದಂತೆ ಎಂಬ ಅಳತೆ ಅಮೆರಿಕದ ಸಾರಿಗೆ ಇಲಾಖೆಯದು, ಉಳಿದ ಕಡೆಯೂ ಅದೇ ರೂಢಿ. ಅವಧಿಯನ್ನೇ ಉದ್ದ ಬರೆದುಬಿಟ್ಟರೆ ಸಕಾಲಕ್ಕೆ ಬಂದವರ ಪಟ್ಟಿಯಲ್ಲಿ ಹೆಸರು ಮೇಲೆ ಹೋಗುತ್ತದೆ. ಮೇಲೆ ಕಾಣೆಯಾಗಿದ್ದ ಅರ್ಧ ಗಂಟೆಯಲ್ಲಿ ಇದರ ಪಾಲಿದೆ, ಹೀಥ್ರೂ ಮೇಲೆ ಸುತ್ತು ಹಾಕುವುದರ ಪಾಲೂ ಇದೆ.

ನನ್ನ ಕೇಳಿದರೆ, ಟಿಕೆಟ್‌ಗಿಂತ ಹಿಂದಿನ ದಾಖಲೆ ನಂಬಿಕೆಗೆ ಹೆಚ್ಚು ಅರ್ಹ. ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರೇಡಾರ್24, ಫ್ಲೈಟ್‌ಅವೇರ್‌ನಂಥ ಜಾಲತಾಣ ತೆರೆದು ವಿಮಾನದ ಸಂಖ್ಯೆ ಕೊಡಿ. ಕಳೆದ ಕೆಲವು ದಿನ ಅದು ಎಷ್ಟಕ್ಕೆ ನೆಲ ಬಿಟ್ಟಿತು, ಎಷ್ಟಕ್ಕೆ ಇಳಿಯಿತು, ಎಷ್ಟು ತಡವಾಯಿತು ಎಲ್ಲ ಸಾಲಾಗಿ ಕಾಣುತ್ತದೆ. ಒಂದು ದಿನದ್ದು ನೋಡಿ ತೀರ್ಮಾನಿಸಬೇಡಿ, ಒಂದು ವಾರದ್ದು ನೋಡಿ, ಅದರಲ್ಲಿ ನಡುವಿನದನ್ನು ಹಿಡಿಯಿರಿ. ಚಳಿಗಾಲದ ಪ್ರಯಾಣಕ್ಕೆ ಬೇಸಿಗೆಯ ದಾಖಲೆ ಆಗಿಬರುವುದಿಲ್ಲ.

ಹಂತ 8: ಗಡಿಯಾರದ ಲೆಕ್ಕ

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಆ ಊರಿನ ಗಡಿಯಾರದ್ದು, ತಲುಪುವ ಹೊತ್ತು ಈ ಊರಿನದು. ನೇರವಾಗಿ ಕಳೆದರೆ ಅಸಂಬದ್ಧ ಉತ್ತರ ಬರುತ್ತದೆ. ಎರಡನ್ನೂ ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಇಳಿಸಿಕೊಳ್ಳಿ, ಆಮೇಲೆ ಕಳೆಯಿರಿ.

ಬೇಸಿಗೆಯ ಒಂದು ಸಂಜೆ 5 ಗಂಟೆಗೆ ಟೋಕಿಯೋದಿಂದ ಹೊರಟ ವಿಮಾನ ಲಾಸ್ ಏಂಜಲಿಸ್‌ಗೆ ಅದೇ ದಿನ ಬೆಳಗ್ಗೆ 11ಕ್ಕೆ ಮುಟ್ಟುತ್ತದೆ ಎನ್ನಿ. ಹೊರಡುವ ಮೊದಲೇ ತಲುಪಿದಂತೆ ಕಾಣುತ್ತದೆ. ಟೋಕಿಯೋ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಹೊರಟದ್ದು ಯುಟಿಸಿ 8:00ಕ್ಕೆ. ಲಾಸ್ ಏಂಜಲಿಸ್ ಬೇಸಿಗೆಯಲ್ಲಿ 7 ಗಂಟೆ ಹಿಂದೆ, ಮುಟ್ಟಿದ್ದು ಯುಟಿಸಿ 18:00ಕ್ಕೆ. ಹತ್ತು ಗಂಟೆಯ ಪ್ರಯಾಣ. ಇನ್ನೊಂದು ದಿಕ್ಕಿಗೆ ದಿನವೇ ಕಾಣೆಯಾಗುತ್ತದೆ. ಡಿಸೆಂಬರಿನ ಸೋಮವಾರ ರಾತ್ರಿ 10:30ಕ್ಕೆ ಲಾಸ್ ಏಂಜಲಿಸ್ ಬಿಟ್ಟರೆ, ಅಲ್ಲಿ ಆಗ ಯುಟಿಸಿಗಿಂತ 8 ಗಂಟೆ ಹಿಂದೆ, ಅಂದರೆ ಯುಟಿಸಿ ಮಂಗಳವಾರ 6:30. ಹದಿನೈದು ಗಂಟೆ ಸೇರಿಸಿದರೆ ಮಂಗಳವಾರ 21:30. ಸಿಡ್ನಿ ಆಗ 11 ಗಂಟೆ ಮುಂದೆ, ಹಾಗಾಗಿ ಇಳಿಯುವುದು ಬುಧವಾರ ಬೆಳಗ್ಗೆ 8:30ಕ್ಕೆ. ಟಿಕೆಟ್‌ನಲ್ಲಿ ತಲುಪುವ ಹೊತ್ತಿನ ಪಕ್ಕ +2 ಎಂಬ ಪುಟ್ಟ ಗುರುತಿರುತ್ತದೆ. ಹೋಟೆಲ್ ಕಾಯ್ದಿರಿಸುವ ಮುನ್ನ ಅದನ್ನೊಮ್ಮೆ ನೋಡಿ.

ಮಾರ್ಚ್ ತಿಂಗಳಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸುತ್ತದೆ, ಯುರೋಪು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್–ನ್ಯೂಯಾರ್ಕ್ ಅಂತರ ಐದು ಗಂಟೆಯ ಬದಲು ನಾಲ್ಕು. ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ಹೀಗೇ. ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ನೇಪಾಳ ಐದೂಮುಕ್ಕಾಲು. ಎಲ್ಲ ವ್ಯತ್ಯಾಸವೂ ಪೂರ್ತಿ ಗಂಟೆಗಳಲ್ಲೇ ಇರುತ್ತದೆಂದು ಊಹಿಸಬೇಡಿ.

ಹಂತ 9: ಮನೆ ಬಾಗಿಲಿನಿಂದ ಅಲ್ಲಿನ ಬಾಗಿಲಿನವರೆಗೆ

ಕೊನೆಗೆ ಬೇಕಾಗಿರುವುದು ಇದೇ ಲೆಕ್ಕ. ಮನೆಯಿಂದ ನಿಲ್ದಾಣಕ್ಕೆ ಹಿಡಿಯುವ ಹೊತ್ತು, ನಿಲ್ದಾಣದಲ್ಲಿ ದೇಶದೊಳಗಿನ ಹಾರಾಟಕ್ಕಾದರೆ ಎರಡು ಗಂಟೆ, ಹೊರದೇಶಕ್ಕಾದರೆ ಮೂರು, ಆಮೇಲೆ ಟಿಕೆಟ್‌ನಲ್ಲಿರುವ ಹೊತ್ತು. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಸಾಮಾನು ಬರುವ ತನಕದ ಕಾಯುವಿಕೆ, ಊರೊಳಗೆ ಹೋಗುವ ದಾರಿ. ಬ್ಯಾಗ್ ಕೈಯಲ್ಲೇ ಇದ್ದರೆ ಒಂದು ಬಾಬತ್ತು ಕಡಿಮೆ.

ನಡುವೆ ವಿಮಾನ ಬದಲಿಸಬೇಕಾದರೆ ಎರಡು ತುಂಡುಗಳ ದೂರ, ಹೊತ್ತು ಬೇರೆ ಬೇರೆ ತೆಗೆದು ಕೂಡಿ. ಕಾಯುವ ಹೊತ್ತನ್ನು ಅದಕ್ಕೆ ಸೇರಿಸಿ. ಒಂದೇ ಟಿಕೆಟ್‌ನಲ್ಲಿ ಎರಡೂ ಇದ್ದರೆ ಮೊದಲನೆಯದು ತಡವಾದಾಗ ಮುಂದಿನ ವಿಮಾನ ಹುಡುಕಿ ಕೊಡುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಸಾಮಾನ್ಯವಾಗಿ ಆ ಹೊಣೆ ನಿಮ್ಮದೇ. ಅಲ್ಲಿ ಒಂದೂವರೆ ಗಂಟೆಯ ಅಂತರ ಸಾಕೆಂದು ಕೂರಬೇಡಿ, ಅದರಲ್ಲೂ ಎರಡನೆಯದು ಅದೇ ನಗರದ ಇನ್ನೊಂದು ನಿಲ್ದಾಣದಿಂದ ಹೊರಡುವುದಾದರೆ.

ಈ ಮೊತ್ತ ತೆಗೆದ ಮೇಲೆ ಚಿಕ್ಕ ದೂರಗಳಲ್ಲಿ ರೈಲಿನ ಜೊತೆ ಹೋಲಿಸಿ ನೋಡಿ. ಲಂಡನ್–ಪ್ಯಾರಿಸ್ ವಿಮಾನದಲ್ಲಿ ಒಂದೂಕಾಲು ಗಂಟೆ, ಸಮುದ್ರದಡಿಯ ಸುರಂಗದ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ವಿಮಾನದ ಕಡೆಗೆ ಹೀಥ್ರೂ ತಲುಪಲು ಒಂದು ಗಂಟೆ, ಅಲ್ಲಿ ಎರಡು ಗಂಟೆ, ಆ ಕಡೆ ಇಳಿದು ಪ್ಯಾರಿಸ್ ಒಳಗೆ ಹೋಗಲು ಒಂದೂವರೆ ಗಂಟೆ ಹಾಕಿದರೆ ಒಟ್ಟು ಐದು ಗಂಟೆ 45 ನಿಮಿಷ. ರೈಲು ಹೊರಡುವುದೂ ತಲುಪುವುದೂ ಊರೊಳಗೇ. ನಿಲ್ದಾಣಕ್ಕೆ ಹೋಗಲು ಅರ್ಧ ಗಂಟೆ, ಅಲ್ಲಿ ತಪಾಸಣೆಗೆ ಒಂದೂಕಾಲು ಗಂಟೆ, ಇಳಿದ ಮೇಲೆ ಅರ್ಧ ಗಂಟೆ ಸೇರಿಸಿದರೂ ನಾಲ್ಕೂವರೆ ಗಂಟೆ.